ಷಡ್ಡಕನ ಉದ್ದ ರಂದಾ

ನನ್ನ ಷಡ್ಡಕನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಅಂತ ಬರೆದೆ, ಆದರೆ ಪೂರ್ತಿ ಹೋಗಿದೆ ಅಂತ ಆಣೆ ಮಾಡಲಾರೆ. ಹೆಂಡತಿಯ ತಂಗಿಯ ಗಂಡ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಭಟ್ಕಳದಲ್ಲಿ ಏಸಿ, ಫ್ರಿಜ್ ರಿಪೇರಿ ಮಾಡುತ್ತಾನೆ. ಒಳ್ಳೆಯ ಹುಡುಗ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ, ನಾಲ್ಕು ಜನರ ಎದುರು ಬೈದು ಹಗುರಾಗಬಹುದಿತ್ತು.

ನಾನು ಹೊನ್ನಾವರದಲ್ಲಿ ಹೈಸ್ಕೂಲ್ ಮಾಸ್ತರ. ಗಣಿತ ಹೇಳಿಕೊಡುತ್ತೇನೆ. ಅದು ಹೊಟ್ಟೆಪಾಡು. ಮನಸ್ಸು ಇರುವುದು ಹಳೆಯ ರಂದಾಗಳ ಮೇಲೆ. ರಂದಾ ಅಂದರೆ ಬಡಗಿಗಳು ಮರದ ಮೈ ಕೀಸಿ ನಯ ಮಾಡುವ ಸಾಧನ. ಪುಸ್ತಕದವರು ಕೀಸುಳಿ ಅನ್ನುತ್ತಾರೆ, ನಮ್ಮ ಕಡೆಯ ಅಂಗಡಿಯಲ್ಲಿ ಹಾಗೆ ಕೇಳಿದರೆ ಮುಖ ನೋಡುತ್ತಾರೆ. ಈಗ ಎಲ್ಲರದ್ದೂ ಕರೆಂಟಿನ ಮಷಿನ್. ಕೈಯಿಂದ ದೂಡುವ ಕಬ್ಬಿಣದ ರಂದಾಗಳೆಲ್ಲ ಗುಜರಿಗೆ ಬಂದು ಬಿದ್ದಿವೆ, ತುಕ್ಕು ಹಿಡಿದು, ಹಿಡಿ ಮುರಿದು, ಕೆಲವು ಸಿಮೆಂಟು ಮೆತ್ತಿಸಿಕೊಂಡು. ಅವನ್ನು ಆರಿಸಿ ತಂದು, ಬಿಂಬುಳಿಕಾಯಿ ಜಜ್ಜಿದ ಹುಳಿ ರಸದಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ಉಜ್ಜಿ, ಗಾಜಿನ ಮೇಲೆ ಮರಳು ಕಾಗದ ಹಾಸಿ ತಳ ಸಮ ಮಾಡಿ, ಅಲಗನ್ನು ಸಾಣೆಕಲ್ಲಿಗೆ ಹಿಡಿದು ಮಸೆಯುವುದು. ಭಾನುವಾರ ಪೂರ್ತಿ ಅದೇ. ಹೆಂಡತಿ ಹೇಳುತ್ತಾಳೆ, "ನಿಮ್ಮ ಕೈಯ ವಾಸನೆಗೆ ಬೆಕ್ಕೂ ಹತ್ರ ಬರೂದಿಲ್ಲ." ಬರದಿದ್ದರೆ ಬೇಡ.

ಇದೆಲ್ಲ ಯಾರಿಗಾಗಿ ಅಂತ ಕೇಳಿದರೆ ಆಗ ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ನನ್ನ ಮಾವನಿಗಾಗಿ. ಕುಮಟಾ ತಾಲೂಕಿನ ಹಿರೇಗುತ್ತಿಯಲ್ಲಿ ಅವರ ಮನೆ. ಆಯುಷ್ಯವಿಡೀ ಬಾಗಿಲು, ಕಿಟಕಿ, ದೋಣಿ ಮಾಡಿದ ಕೈ. ಈಗ ಬಲ ಭುಜ ಹಿಡಿದುಕೊಂಡು ರಂದಾ ದೂಡಲು ಆಗುವುದಿಲ್ಲ, ಆದರೆ ಕಣ್ಣು ಇನ್ನೂ ಗಿಡುಗನದು. ಹಲಗೆಯನ್ನು ಒಮ್ಮೆ ಓರೆಯಾಗಿ ನೋಡಿದರೆ ಸಾಕು, ಕೂದಲೆಳೆಯಷ್ಟು ಉಬ್ಬು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ. ನಾನು ಸರಿಮಾಡಿದ ಪ್ರತಿ ರಂದಾವನ್ನೂ ಹೊಸ ಮಗುವನ್ನು ತೋರಿಸಿದ ಹಾಗೆ ಅವರ ಮುಂದೆ ಹಿಡಿಯುತ್ತಿದ್ದೆ. ಅವರು ತಿರುಗಿಸಿ ನೋಡಿ, "ಚಲೋ ಆಯ್ದು ಮಾಸ್ತರ್ರೆ" ಅಂದು, ಅತ್ತೆಗೆ ಕೂಗಿ ನನಗೆ ಕುರ್ಚಿ ತರಿಸುತ್ತಿದ್ದರು. ಕುರ್ಚಿ! ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವ ಆಸೆಯಿಂದ ಬಸ್ಸಿನಲ್ಲಿ ನಿಂತು ಬಂದವನಿಗೆ ಕುರ್ಚಿ.

ಷಡ್ಡಕ ಈ ಹುಚ್ಚಿಗೆ ಬಿದ್ದದ್ದು ನನ್ನನ್ನು ನೋಡಿಯೇ. ಒಂದು ದಿನ ನಮ್ಮ ಮನೆಗೆ ಬಂದವನು ನನ್ನ ಕಪಾಟು ನೋಡಿ, "ಎಂತ ಚಂದ ಉಂಟು ಭಾವ, ನಂಗೂ ಹೇಳಿಕೊಡಿ" ಅಂದ. ಹೇಳಿಕೊಟ್ಟೆ. ಮಾಸ್ತರಿಕೆಯ ಚಟ. ಹೇಳಿಕೊಟ್ಟ ನಾಲಿಗೆಯನ್ನು ಆಮೇಲೆ ಎಷ್ಟು ಸಲ ಕಚ್ಚಿಕೊಂಡೆನೋ.

ಭಟ್ಕಳದಲ್ಲಿ ಒಂದು ಗುಜರಿ ಅಂಗಡಿಗೆ ನಾನು ಆರು ವರ್ಷದಿಂದ ಹೋಗುತ್ತಿದ್ದೆ. ಉದ್ದ ರಂದಾ ಬಂದರೆ ತೆಗೆದಿಡಿ ಅಂತ ಅಂಗಡಿಯ ಸಾಹೇಬರಿಗೆ ಹೇಳಿ ಹೇಳಿ ಗಂಟಲು ಒಣಗಿತ್ತು. ಮೊಳಕ್ಕಿಂತ ಉದ್ದದ ಕಬ್ಬಿಣದ ರಂದಾ ಅದು. ಎರಡು ಹಲಗೆಯ ಅಂಚನ್ನು ಸಂದಿಲ್ಲದಂತೆ ಕೂಡಿಸಬೇಕಾದರೆ ಅದೇ ಬೇಕು, ಗಿಡ್ಡ ರಂದಾ ಹಲಗೆಯ ಉಬ್ಬುತಗ್ಗಿನ ಜೊತೆಗೇ ಹತ್ತಿ ಇಳಿಯುತ್ತದೆ. ಷಡ್ಡಕ ಅದೇ ಅಂಗಡಿಯವರ ಮನೆಯ ಫ್ರಿಜ್ ರಿಪೇರಿಗೆ ಹೋಗಿದ್ದಾನೆ, ಅವರ ಮನೆಯವರ ಜೊತೆ ಅವರದೇ ನವಾಯಿತಿ ಮಾತಿನಲ್ಲಿ ಹರಟಿದ್ದಾನೆ, ಚಹಾ ಕುಡಿದಿದ್ದಾನೆ, ಹಿಂದಿನ ಶೆಡ್ಡಿನಲ್ಲಿ ಬಿದ್ದಿದ್ದ ಉದ್ದ ರಂದಾವನ್ನು ಬಗಲಲ್ಲಿ ಇಟ್ಟುಕೊಂಡು ಹೊರಗೆ ಬಂದಿದ್ದಾನೆ. ಒಂದೇ ಮಧ್ಯಾಹ್ನದಲ್ಲಿ! ಫೋನಿನಲ್ಲಿ ಫೋಟೋ ಬಂತು. ಕೆಳಗೆ ಬರೆದಿದ್ದ, "ಭಾವ, ಇದು ಒಳ್ಳೇದಾ?" ಒಳ್ಳೇದಾ ಅಂತೆ. ನಾನು ಅನ್ನದ ತಟ್ಟೆ ಸರಿಸಿ ಎದ್ದೆ.

ಕೆಟ್ಟುಹೋಗಲಿ ಅಂತ ಒಳಗೊಳಗೇ ಕಾದೆ. ಅಷ್ಟು ದೊಡ್ಡ ತಳ ಸಮ ಮಾಡುವುದು ಹುಡುಗಾಟವಲ್ಲ. ಅವನು ಬಿಂಬುಳಿಯ ಗೋಜಿಗೇ ಹೋಗಲಿಲ್ಲ. ಬಕೆಟ್ಟಿನಲ್ಲಿ ನೀರು, ಬಟ್ಟೆ ಸೋಡಾ, ಬ್ಯಾಟರಿ ಚಾರ್ಜರಿನ ಎರಡು ವೈರು. ನೊರೆ ಎದ್ದು, ನಾನು ವಾರಗಟ್ಟಲೆ ಉಜ್ಜುವ ತುಕ್ಕು ಒಂದು ದಿನಕ್ಕೆ ಕೆಸರಾಗಿ ಇಳಿದುಬಿಟ್ಟಿತು. ಆಮೇಲೆ ಗ್ರಾನೈಟ್ ಅಂಗಡಿಯಿಂದ ತುಂಡು ಕಲ್ಲು ತಂದು, ದಿನಾ ಕೆಲಸ ಮುಗಿಸಿ ಬಂದು, ತಿಂಗಳಾನುಗಟ್ಟಲೆ ತಳ ತಿಕ್ಕಿದ. ಸೋಮಾರಿಯೂ ಅಲ್ಲ, ಪಾಪಿ. ಮುಗಿದ ಮೇಲೆ ಅದರ ತಳದಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಿತ್ತು.

ಅದನ್ನು ಮಾವನಿಗೆ ತೋರಿಸಿದಾಗ ನಾನೂ ಅಲ್ಲಿದ್ದೆ. ಮಾವ ಹಲಸಿನ ಹಲಗೆ ತೆಗೆದು ಕೆಲಸದ ಮಣೆಗೆ ಬಿಗಿದು, "ದೂಡು ತಮಾ" ಅಂದರು. ಇವನು ದೂಡಿದ. "ಏ ಮಂಗ! ಹಂಗೆ ಹಿಡಿಯೂದನಾ? ಸೊಂಟ ಮುಂದೆ ಬರೂಕು. ಕೈಯಲ್ಲೇ ದೂಡೂಕೆ ನೀ ಎಂತ ಮಗು ತೂಗ್ತಿದ್ಯಾ?" ಎಂದು ಅವನ ಬೆನ್ನಿಗೆ ಗುದ್ದಿದರು. ಹಿಂದೆ ನಿಂತು ಅವನ ಎರಡೂ ಕೈಗಳ ಮೇಲೆ ತಮ್ಮ ಕೈ ಇಟ್ಟು ಒಮ್ಮೆ ದೂಡಿಸಿದರು. ನಾನು ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಆ ಗುದ್ದು ನನ್ನ ಬೆನ್ನಿಗೆ ಬೀಳಬಾರದಿತ್ತೇ ಅಂತ ಮೈಯೆಲ್ಲ ಉರಿದು ಹೋಯಿತು. ಐವತ್ತು ದಾಟಿದ ಗಂಡಸು ಗುದ್ದಿಗಾಗಿ ಆಸೆಪಡುವುದು! ಯಾರಿಗೆ ಹೇಳುವುದು ಇದನ್ನು?

ಆ ದಿನವೇ ಮಾವ ಇನ್ನೊಂದು ಮಾತು ಹೇಳಿದರು. ಅವರ ಮನೆಯ ದೇವರ ಕೋಣೆಯ ಬಾಗಿಲು ಒರಲೆ ತಿಂದು ಹೋಗಿತ್ತು. ಹೊಸ ಬಾಗಿಲಿಗೆ ಹಲಸಿನ ಹಲಗೆ ಒಣಗಿ ತಯಾರಿತ್ತು. "ನನ್ನ ಕೈಯಲ್ಲಿ ಆಗೂ ಕಡೇ ಬಾಗ್ಲು ಇದು. ನಾ ಹೇಳ್ತೆ, ಒಬ್ರು ದೂಡೂಕು. ದಶಮಿ ದಿನ ಶುರು ಮಾಡ್ವಾ" ಅಂದರು. "ಒಬ್ರು" ಅಂದರು ಅಷ್ಟೆ, ಹೆಸರು ಹೇಳಲಿಲ್ಲ. ಆದರೆ ಅವರ ಕಣ್ಣು ಉದ್ದ ರಂದಾದ ಮೇಲಿತ್ತು. ಹೊನ್ನಾವರಕ್ಕೆ ಬರುವ ದಾರಿಯುದ್ದಕ್ಕೂ, ಮಿರ್ಜಾನ ದಾಟಿದ್ದೂ ಗೊತ್ತಾಗದೆ, ನಾನು ಅದನ್ನೇ ಯೋಚಿಸಿದೆ. ಆ ಬಾಗಿಲಿಗೆ ಕೈ ಹಾಕುವವನು ನಾನೇ ಆಗಬೇಕು. ನನಗೆ ಬೇರೆ ಏನೂ ಬೇಕಿರಲಿಲ್ಲ.

ನವರಾತ್ರಿಗೆ ಶಾಲೆಗೆ ರಜೆ, ನಾವೆಲ್ಲ ಹಿರೇಗುತ್ತಿಯಲ್ಲಿ ಸೇರಿದೆವು. ಮಾವನ ಮನೆಯ ಪದ್ಧತಿ ಏನೆಂದರೆ, ಅಷ್ಟಮಿಯ ಸಂಜೆ ಉಳಿ, ಗರಗಸ, ರಂದಾ ಎಲ್ಲ ತೊಳೆದು ಒರೆಸಿ ಜಗಲಿಯ ಮಣೆಯ ಮೇಲೆ ಜೋಡಿಸಿಡಬೇಕು. ನವಮಿಗೆ ಪೂಜೆ. ದಶಮಿಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಅಳಿಯಂದಿರೂ ತಮ್ಮ ತಮ್ಮ ರಂದಾ ತಂದು ಇಡುವುದು.

ಷಡ್ಡಕ ಭಕ್ತಿಯಲ್ಲೂ ಮುಂದೆ. ದೇವರ ಎದುರು ಜಿಡ್ಡು ಇರಬಾರದು ಅಂತ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಉದ್ದ ರಂದಾದ ಎಣ್ಣೆಯನ್ನೆಲ್ಲ ಒರೆಸಿದ. ತಳ ಫಳಫಳ ಕಾಣಲಿ ಅಂತ ಅದನ್ನು ಮಗುಚಿ ಇಟ್ಟ. ಅಲಗನ್ನು ಬಿಚ್ಚಿ ಪಕ್ಕದಲ್ಲಿ ಮಲಗಿಸಿದ. ಆಮೇಲೆ ಒದ್ದೆ ಗಂಧವನ್ನು ಮೂರು ಬೆರಳಿನಲ್ಲಿ ತೆಗೆದು ಆ ಬರಿಯ ಕಬ್ಬಿಣದ ಮೇಲೆ ಉದ್ದಕ್ಕೆ ಎಳೆದ. ಅದರ ಮೇಲೆ ಕುಂಕುಮ. ಅದರ ಮೇಲೆ ಒದ್ದೆ ದಾಸವಾಳ. ಅಲಗಿನ ಬಾಯಿಗೂ ಅದೇ.

ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ. ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿ ಒಂದು ಒಳ್ಳೆಯ ಅಲಗು ಹಾಳು ಮಾಡಿಕೊಂಡಿದ್ದೆ. ಮಾವ ಆಗ ಹೇಳಿದ್ದರು, "ಗಂಧ ಹಿಡಿಗೆ ಹಚ್ಚೂದು ಮಾಸ್ತರ್ರೆ, ಕಬ್ಬಿಣಕ್ಕೆ ಕೊಬ್ರಿ ಎಣ್ಣೆ. ಎಣ್ಣೆ ಹಚ್ಚದ ಕಬ್ಬಿಣಕ್ಕೆ ನಮ್ಮೂರ ಗಾಳಿಯೇ ಸಾಕು." ಸಮುದ್ರದ ಉಪ್ಪು ಗಾಳಿ, ಮಳೆ ಬಿಟ್ಟ ಮೇಲಿನ ಬೆವರು ಹವೆ, ಒದ್ದೆ ಹೂವು, ಎರಡು ರಾತ್ರಿ. ಲೆಕ್ಕ ನನಗೆ ಬರುತ್ತದೆ. ಒಂದು ಮಾತು ಸಾಕಿತ್ತು: ಒರೆಸು, ಎಣ್ಣೆ ಹಚ್ಚು. ಬಾಯಿ ತೆರೆಯಿತು ಕೂಡ. ಅಷ್ಟರಲ್ಲಿ ಅವನು ತಿರುಗಿ, "ಚಂದ ಕಾಣ್ತದಲ್ಲ ಭಾವ?" ಅಂದ.

"ಭಾರೀ ಚಂದ" ಅಂದೆ.

ನವಮಿಯ ಬೆಳಿಗ್ಗೆ ಜಗಲಿ ದಾಟುವಾಗ ನೋಡಿದೆ, ಗಂಧದ ಅಂಚಿನಲ್ಲಿ ಕಂದು ಬಣ್ಣ ಹತ್ತಿತ್ತು. ಪೂಜೆಯ ಹೊತ್ತಿಗೆ ಕಾಯಿ ಒಡೆದ ನೀರು ಎರಡು ಹನಿ ಹಾರಿ ಅದರ ಮೇಲೇ ಬಿತ್ತು. ಸಂಜೆಗೆ ಕಂದು ಅಗಲವಾಗಿತ್ತು. ಆ ದಿನ ಪಾಯಸ ಎರಡು ಸಲ ಬಡಿಸಿಕೊಂಡು ಉಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಉಂಡದ್ದು ನಿಜ, ರುಚಿಯಾಗಿದ್ದದ್ದೂ ನಿಜ.

ದಶಮಿಯ ಬೆಳಿಗ್ಗೆ ಮಂಗಳಾರತಿ ಆಯಿತು. ಷಡ್ಡಕ ಹೂವು ತೆಗೆದು ಪಂಚೆಯ ತುದಿಯಿಂದ ಗಂಧ ಒರೆಸಿದ. ಗಂಧ ಹೋಯಿತು, ಮೂರು ಪಟ್ಟೆ ಹೋಗಲಿಲ್ಲ. ಉಗುರಿನಿಂದ ಕೆರೆದ. ಕಬ್ಬಿಣ ತಿಂದು ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಅಲಗಿನ ಬಾಯಿ ಕಚ್ಚುಕಚ್ಚಾಗಿತ್ತು. ಸೊಸೈಟಿಯ ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ಅಕ್ಕಿ ಮುಗಿಯಿತು ಅನ್ನಿಸಿಕೊಂಡವನ ಮುಖವಾಗಿತ್ತು ಅವನದು. ಕಡೆಗೆ ನಗಲು ನೋಡಿ, "ಥೋ, ನಂಗೆ ಬುದ್ಧಿ ಇಲ್ಲ" ಅಂದ.

ಮಾವ ರಂದಾ ಎತ್ತಿ ಬೆಳಕಿಗೆ ಹಿಡಿದರು. ಅವನನ್ನು ಬೈಯಲಿಲ್ಲ. ನನ್ನ ಕಡೆ ನೋಡಿ, "ಮಾಸ್ತರ್ರೆ, ನೀವು ನೋಡ್ಲಿಲ್ಯಾ?" ಅಂದರು.

ನಾನು ಉತ್ತರ ಕೊಡುವ ಮೊದಲೇ ಷಡ್ಡಕ ಅಂದ, "ಭಾವ ಎಂತಕೆ ನೋಡ್ತ್ರು? ನೋಡಿದ್ರೆ ಹೇಳ್ತಿರ್ಲಿಲ್ವಾ?"

"ಇಲ್ಲ, ನೋಡಲಿಲ್ಲ" ಅಂದೆ.

"ಆತು" ಅಂದರು ಮಾವ. "ಉದ್ದ ರಂದಾ ಇವತ್ತಿಗಿಲ್ಲ. ನಿಮ್ಮದು ತನ್ನಿ, ಹಲಗೆ ಮೈ ಆದ್ರೂ ಕೀಸ್ವಾ. ದಿನ ಬಿಡೂದು ಬೇಡ."

ಹೀಗೆ ನನಗೆ ಬೇಕಾದದ್ದು ಸಿಕ್ಕಿತು. ಅಂಗಳದ ಬದಿಯ ಚಪ್ಪರದಲ್ಲಿ ಹಲಗೆ ಬಿಗಿದು ಮಾವ ಎದುರಿಗೆ ನಿಂತರು. ಕುರ್ಚಿ ಇಲ್ಲ. ನಾನು ದೂಡಿದೆ. ಅಂಗಳದ ಕಲ್ಲಿನ ಮೇಲೆ ಷಡ್ಡಕ ಕೂತು ಅಲಗಿಗೆ ಬಿಂಬುಳಿ ತಿಕ್ಕುವುದು ಕಾಣುತ್ತಿತ್ತು. ನನ್ನ ರಂದಾ ತಡವರಿಸಿತು, ಮರದಿಂದ ಸುರುಳಿ ಬರುವ ಬದಲು ಪುಡಿ ಬಂತು. ಇನ್ನೊಮ್ಮೆ ದೂಡಿದೆ. ಮತ್ತೆ ಪುಡಿ.

ಮಾವ ಹಲಗೆಯ ಮೇಲಿನ ಪುಡಿಯನ್ನು ಅಂಗೈಯಿಂದ ಸರಿಸಿದರು. ದನಿ ಎತ್ತಲಿಲ್ಲ. "ಅಷ್ಟಮಿ ಸಂಜೆನೇ ನಾ ನೋಡಿದ್ದೆ" ಅಂದರು. "ಕಬ್ಬಿಣ ತಾನೆ, ತಿಕ್ಕಿದ್ರೆ ಹೋಗ್ತದೆ ಅಂತ ಸುಮ್ನಿದ್ದೆ. ನೀವು ಹೇಳ್ತ್ರಿ ಅಂದ್ಕಂಡೆ. ನಿನ್ನೆ ಬೆಳಿಗ್ಗೆನೂ ಕಾದೆ, ಸಂಜೆನೂ ಕಾದೆ."

ನನ್ನ ಕಿವಿ ಬಿಸಿಯಾಯಿತು. ಮಕ್ಕಳ ಕಾಪಿ ಹಿಡಿದು ಮೊಣಕಾಲೂರಿಸಿದ ಮಾಸ್ತರ ನಾನು. ರಂದಾವನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿ ಅಂಗಳಕ್ಕೆ ಹೋದೆ. ಷಡ್ಡಕ ತಲೆ ಎತ್ತಿ, "ಆಯ್ತಾ ಭಾವ, ಇಷ್ಟು ಬೇಗ?" ಅಂದ.

"ನಾನು ನೋಡಿದ್ದೆ" ಅಂದೆ. "ನೀನು ಗಂಧ ಹಚ್ಚುವಾಗಲೇ ನೋಡಿದ್ದೆ. ಹೀಗಾಗ್ತದೆ ಅಂತ ಗೊತ್ತಿತ್ತು. ಹೇಳಲಿಲ್ಲ."

ಅವನ ಕೈ ನಿಂತಿತು. ಬಿಂಬುಳಿಯ ರಸ ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ನನ್ನನ್ನೇ ನೋಡಿದ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಕೇಳಿದ್ರೆ ನಾ ಇದ್ನ ನಿಮಗೇ ಕೊಡ್ತಿದ್ದೆ ಭಾವ" ಅಂದ, ಅಷ್ಟೇ.

ಅಷ್ಟರಲ್ಲಿ ಚಪ್ಪರದಿಂದ ಮಾವ ಕೂಗಿದರು, "ತಮಾ, ಇಲ್ ಬಾ. ಮಾಸ್ತರ್ರ ರಂದಾ ಹಿಡಿ." ಅವನು ಅಲಗನ್ನು ನನ್ನ ಅಂಗೈಗೆ ಕೊಟ್ಟು ಕೈ ಒರೆಸಿಕೊಂಡು ಹೋದ. ನಾನು ಅವನು ಕೂತಿದ್ದ ಕಲ್ಲಿನ ಮೇಲೆ ಕೂತು ತುಕ್ಕು ತಿಕ್ಕತೊಡಗಿದೆ. ಪಶ್ಚಾತ್ತಾಪದಿಂದ ಕಿಚ್ಚು ಆರಿತು ಅಂತ ಬರೆದರೆ ಓದುವವರಿಗೆ ಹಿತವಾದೀತು, ಆದರೆ ಆರಲಿಲ್ಲ. ಕಿವಿಯೆಲ್ಲ ಚಪ್ಪರದ ಕಡೆಗೇ ಇತ್ತು. ಒಮ್ಮೆ ಮಾವ ಬೈದರು, ಒಮ್ಮೆ ಇಬ್ಬರೂ ನಕ್ಕರು. ಆಮೇಲೆ ಸರ್ರನೆ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ತಡೆಯದೆ ಒಂದೇ ಉಸಿರಿಗೆ ಮರ ಕೀಸಿದ ಸದ್ದು ಬಂತು. ನನ್ನ ರಂದಾ ಅಷ್ಟು ಚಂದ ಓಡುತ್ತದೆ ಅಂತ ನನಗೇ ಗೊತ್ತಿರಲಿಲ್ಲ.