ಟೆನ್ಶನ್ ಅಂದುಕೊಂಡದ್ದು

ಕಳೆದ ತಿಂಗಳು ಒಂದು ಬೆಳಿಗ್ಗೆ, ಮನೀಶ್ ನಗರದ ನಮ್ಮ ಮನೆಯ ಮೆಟ್ಟಿಲ ನಡುವೆಯೇ ಹೆಂಡತಿ ಸುನಂದಾ ಕುಳಿತುಬಿಟ್ಟಳು. ಉಳುಕಿದ ಕಾಲಿನ ಪ್ಲಾಸ್ಟರ್ ಬಿಚ್ಚಿಸಿ ನಾಲ್ಕು ದಿನವಾಗಿತ್ತು. ನಿಶ್ಶಕ್ತಿ ಇರಬೇಕು ಎಂದುಕೊಂಡೆ. ಆದರೂ ಆಸ್ಪತ್ರೆಗೆ ಕರೆದೊಯ್ದೆ.

ಹೃದಯದ ಎಕೋ ಸ್ಕ್ಯಾನ್ ಮಾಡಿದ ಟೆಕ್ನಿಷಿಯನ್ ಬಾಗಿಲಿಗೆ ಬಂದು ಮರಾಠಿಯಲ್ಲಿ, "ತಾಣ ದಿಸತೋಯ್. ಸರ್ ಬಘತೀಲ್," ಎಂದರು. ತಾಣ ಕಾಣುತ್ತಿದೆ, ಸರ್ ನೋಡುತ್ತಾರೆ ಎಂದು. ತಾಣ ಎಂದರೆ ಟೆನ್ಶನ್. ಸಿವಿಲ್ ಲೈನ್ಸ್‌ನ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಮರಾಠಿಯಲ್ಲೇ ಜಗಳವಾಡುವ ನನಗೆ ಇಷ್ಟೂ ತಿಳಿಯದೇ?

"ಏನಿಲ್ಲ, ಟೆನ್ಶನ್ ಅಂತ. ಸಾಲಿ ಪೇಪರ್ ತಿದ್ದೋದು ಒಂದೀಟು ಕಡಿಮಿ ಮಾಡು," ಎಂದೆ. "ಸರ್ ನೋಡೂದ್ರಾಗ ಏನರ ತಿಂದು ಬರೂಣು, ನಡಿ."

"ಉಸಿರು ಸಾಲವಲ್ದರೀ."

"ಅದೂ ಟೆನ್ಶನ್ನೇ."

ಗೇಟಿನವರೆಗೆ ನಡೆಸಿಕೊಂಡು ಹೋದೆ. ಹಿಂದಿನಿಂದ ಸಿಸ್ಟರ್ ವೀಲ್‌ಚೇರ್ ತಳ್ಳುತ್ತ ಓಡಿಬಂದರು. "ಥಾಂಬಾ! ತ್ಯಾಂನಾ ಚಾಲವೂ ನಕಾ!"

ಅವಳನ್ನು ನಡೆಸಲೇಬಾರದಿತ್ತು.

ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹೃದಯದ ಬಲಗಡೆಯ ಕೆಳಕೋಣೆ ಎಡಗಡೆಯದಕ್ಕಿಂತ ಚಿಕ್ಕದಿರಬೇಕು. ಅವಳದು ಉಬ್ಬಿ, ನಡುವಿನ ಗೋಡೆಯನ್ನೇ ಎಡಕ್ಕೆ ಒತ್ತಿತ್ತು. ಪ್ರತಿ ಬಡಿತಕ್ಕೂ ಆ ಕೋಣೆಯ ಅಂಚು ಹದಿನೇಳು ಮಿಲಿಮೀಟರಾದರೂ ಸರಿಯಬೇಕಂತೆ. ಅವಳದು ಹನ್ನೊಂದು. "ರೈಟ್ ಹಾರ್ಟ್ ಸ್ಟ್ರೇನ್," ಎಂದರು. ಟೆಕ್ನಿಷಿಯನ್ ಹೇಳಿದ ತಾಣ ಇದು, ಹೃದಯದ ಬಲಭಾಗದ ಮೇಲೆ ಬಿದ್ದ ಒತ್ತಡ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ ಎಂಬುದು ಸಿಟಿ ಸ್ಕ್ಯಾನ್‌ನಲ್ಲಿ ಖಚಿತವಾಯಿತು.

ಆರು ಮಿಲಿಮೀಟರ್ ಕಡಿಮೆ.

ಆ ಹೃದಯ ಹೊತ್ತವಳನ್ನು ನಾನು ಇಡ್ಲಿ ತಿನ್ನಿಸಲು ಹೊರಡಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಐದು ದಿನ ಐಸಿಯು. ಇಂಜೆಕ್ಷನ್, ಆಕ್ಸಿಜನ್, ಆಮೇಲೆ ರಕ್ತ ತೆಳುವಾಗಿಸುವ ಗುಳಿಗೆ. ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತಾಗ, ಅವಳಿಗೆ ಏನಾದರೂ ಆಗಿದ್ದರೆ ಎಂಬಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗಲು ಧೈರ್ಯವಿರಲಿಲ್ಲ.

ಮೊನ್ನೆ ಮತ್ತೆ ಎಕೋ ಆಯಿತು. ಹದಿನೆಂಟು ಮಿಲಿಮೀಟರ್. ಗುಳಿಗೆ ಮಾತ್ರ ಇನ್ನೂ ಬಿಡುವಂತಿಲ್ಲ. ಬರುವಾಗ ಆಟೋದಲ್ಲಿ ತಪ್ಪೊಪ್ಪಿಕೊಂಡೆ. "ಆ ಮರಾಠಿ ಶಬ್ದ ನಂಗ ಬರೋಬರ್ ತಿಳೀಲಿಲ್ಲ ನೋಡು."

"ಮರಾಠಿ ಹಾಳಾಗಿ ಹೋಗ್ಲಿ," ಎಂದು ತಿರುಗಿದಳು ಸುನಂದಾ. "ಉಸಿರು ಸಾಲವಲ್ದು ಅಂತ ನಾ ಕನ್ನಡದಾಗನ ಹೇಳಿದ್ನಲ್ಲ, ಅದರ ತಿಳೀಬೇಕಿತ್ತೋ ಇಲ್ಲೋ ನಿಮಗ? ಇಪ್ಪತ್ತು ವರ್ಷ ಆತು ಮದುವ್ಯಾಗಿ!"

ಅಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದ್ದಳು.