ಹೋಲ್ಡಾನ್ ಅಂದ ಗಂಟಲು

ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯೋಕೆ ಇಳಿದಿದ್ದೆ, ಅಷ್ಟೇ! ನನ್ನ ಶಿಡ್ಲಘಟ್ಟದ ಬಸ್ಸು ಹೊರಟೇಬಿಟ್ಟಿತು. ಮದುವೆ ಫೋಟೋ ತೆಗೆಯಬೇಕಿದ್ದ ಕ್ಯಾಮೆರಾ ಸೀಟಿನ ಮೇಲೇ ಇದೆ! ಕೂಗೋಣ ಅಂದ್ರೆ ಗಾಬರಿಗೆ ದನಿಯೇ ಹೊರಡಲಿಲ್ಲ. ಪಕ್ಕದಲ್ಲಿ ಹಣ್ಣು ಕೊಳ್ಳುತ್ತಿದ್ದ ಒಬ್ಬ ಅಮ್ಮ, ಥೇಟ್ ಕಂಡಕ್ಟರ್ ಥರ "ಹೋಲ್ಡಾ...ನ್!" ಅಂತ ಎಳೆದರು ನೋಡಿ, ನನ್ನ ಬಸ್ಸಷ್ಟೇ ಅಲ್ಲ, ಸ್ಟ್ಯಾಂಡಿನಿಂದ ಹೊರಟಿದ್ದ ಬಸ್ಸುಗಳೆಲ್ಲ ಗಕ್ಕನೆ ನಿಂತವು!

"ಅಬ್ಬಾ, ಏನಮ್ಮಾ ಈ ಗಂಟಲು!" ಅಂದೆ.

"ಚರ್ಚಲ್ಲಿ ಹಾಡ್ತೀನಪ್ಪ. ಯೇಸು ಸ್ವಾಮಿ ಕೊಟ್ಟಿದ್ದನ್ನ ಬರೀ ಭಾನುವಾರಕ್ಕೆ ಅಂತ ಎತ್ತಿಡೋಕಾಗುತ್ತಾ? ಓಡು, ಓಡು!"

ಓಡಿದೆ. ನಿಂತ ಬಸ್ಸುಗಳ ಡ್ರೈವರ್‌ಗಳೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ಬೈದರು. ಗಂಟಲು ಕೊಡುವಾಗ ದೇವರು ಅವರಿಗೂ ಏನೂ ಕಡಿಮೆ ಮಾಡಿರಲಿಲ್ಲ.