ಅಣ್ಣನ ಗಡ್ಡ ಮತ್ತು ಮುಕ್ತ ಪೈಪೋಟಿ

ನನಗೊಂದು ಗೊಂದಲವಿದೆ. ನಿಮ್ಮ ಹತ್ತಿರ ಹೇಳಿಕೊಳ್ಳದೆ ಬೇರೆ ದಾರಿಯಿಲ್ಲ, ಮನೆಯಲ್ಲಿ ಯಾರೂ ಕಿವಿಗೊಡುತ್ತಿಲ್ಲ. ಮೂವತ್ತು ವರ್ಷ ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಓಡಾಡಿ ಕಾಲೇಜು ಹುಡುಗರಿಗೆ ಅರ್ಥಶಾಸ್ತ್ರ ಹೇಳಿದವನು ನಾನು. ಪೈಪೋಟಿ ಹೆಚ್ಚಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಗಿರಾಕಿಗೆ ಸುಖ, ಗಿರಾಕಿಯ ಸುಖ ಕೂಡಿದರೆ ಜನಕಲ್ಯಾಣ. ಇಷ್ಟನ್ನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಸಾಬೀತು ಮಾಡಿ, ಕೈಯ ಸೀಮೆಸುಣ್ಣ ಕೊಡವಿಕೊಂಡು ಮನೆಗೆ ಬರುತ್ತಿದ್ದೆ. ಈಗ ನಿವೃತ್ತನಾದ ಮೇಲೆ ಒಂದು ಗಡ್ಡ ನನ್ನನ್ನು ಕಾಡುತ್ತಿದೆ.

ಗಡ್ಡ ನನ್ನದಲ್ಲ, ಅಣ್ಣನದು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಲಗೈ, ಬಲಗಾಲು, ಅರ್ಧ ನಾಲಗೆ ಕೆಲಸ ಬಿಟ್ಟವು. ನಮ್ಮಿಬ್ಬರಿಗೂ ಬಹಳ ಕಾಲದಿಂದ ಕ್ಷೌರ ಮಾಡುತ್ತಿದ್ದ ಸಿದ್ದರಾಜು ಅಂದಿನಿಂದ ಪ್ರತಿ ಮಂಗಳವಾರ ಮನೆಗೇ ಬರತೊಡಗಿದ. ಯಾಕೆ ಮಂಗಳವಾರವೆಂದರೆ, ನಮ್ಮೂರಿನ ಕ್ಷೌರದಂಗಡಿಗಳೆಲ್ಲ ಒಂದು ಸಂಘ. ಎಲ್ಲರದೂ ಒಂದೇ ದರದ ಬೋರ್ಡು, ಎಲ್ಲರದೂ ಒಂದೇ ರಜೆ. ಮಂಗಳವಾರ ಗಡ್ಡಕ್ಕೆ ಕತ್ತಿ ತಾಗಿಸಬಾರದು ಎಂದು ಅತ್ತಿಗೆ ಮೊದಲ ದಿನ ಅಡ್ಡ ಬಂದರು. ಅಣ್ಣ ತೊದಲುತ್ತಲೇ, “ಮಲಗ್ದೋನ್ಗೆ ಯಾವ್ ವಾರ? ಕೆರಿಯಪ್ಪ ನೀನು” ಅಂದ. ಸಿದ್ದರಾಜು ಕೆರೆಯುತ್ತ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಧನಗೆರೆಯಲ್ಲಿ ಯಾರ ಮದುವೆ ನಿಂತಿತು, ಹನೂರಿನಲ್ಲಿ ಯಾರು ಯಾರ ಮೇಲೆ ಕೇಸು ಹಾಕಿದರು ಇತ್ಯಾದಿ. ಅವತ್ತು ಅಣ್ಣ ಒಂದು ಮುದ್ದೆ ಹೆಚ್ಚಾಗಿಯೇ ಉಣ್ಣುತ್ತಿದ್ದ.

ಆದರೆ ಸಂಘ ಕಟ್ಟಿಕೊಂಡು ಒಂದೇ ದರ ಹಾಕುವುದು, ಒಟ್ಟಿಗೆ ಬಾಗಿಲು ಮುಚ್ಚುವುದು ನಮ್ಮ ಶಾಸ್ತ್ರದಲ್ಲಿ ಗಿರಾಕಿಯ ವಿರುದ್ಧದ ಒಳಸಂಚು. ಪೈಪೋಟಿ, ನಿಯಂತ್ರಣ ಎಂದು ಬರೆದ ಸಂಶೋಧನಾ ಲೇಖನಗಳನ್ನು ಈಗಲೂ ಓದುವ ಚಟ ನನಗಿದೆ. ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ. ಹೀಗಿರುವಾಗ ಹನೂರಿನಿಂದ ಮಾದೇಶ ಎಂಬುವನು ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟ. ಇಪ್ಪತ್ತು ರೂಪಾಯಿ ಕಡಿಮೆ, ಮಂಗಳವಾರವೂ ತೆರೆದಿರುತ್ತದೆ. ಸಂಘದವರು ಜಗಳಕ್ಕೆ ಬಂದರು. ಮಾದೇಶ ನನ್ನ ಹತ್ತಿರ ಓಡಿ ಬಂದು, “ಸಾ, ನೀವು ಓದ್ದೋರು, ಒಂದ್ ಅರ್ಜಿ ಬರ್ಕೊಡಿ” ಅಂದ. ನನ್ನ ಶಾಸ್ತ್ರವನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬಂದ ಮೊದಲ ಮನುಷ್ಯ ಅವನು! ನಗರಸಭೆಗೆ ಎರಡು ಪುಟ ತುಂಬ ಬರೆದುಕೊಟ್ಟೆ. ತತ್ತ್ವಕ್ಕೆ ಬೆಂಬಲವಾಗಿ ನನ್ನ ತಲೆಯನ್ನೂ ಮಾದೇಶನ ಕತ್ತರಿಗೇ ಒಪ್ಪಿಸಿದೆ. ಇಪ್ಪತ್ತು ರೂಪಾಯಿ ಉಳಿದದ್ದು ಬರೀ ಕಾಕತಾಳೀಯ.

ಅರ್ಜಿ ಗೆದ್ದಿತು. ಮಾದೇಶನನ್ನು ಯಾರೂ ತಡೆಯುವಂತಿಲ್ಲ ಎಂದಾಯಿತು. ಉಳಿದವರೂ ದರ ಇಳಿಸಿದರು, ಮಂಗಳವಾರ ಬಾಗಿಲು ತೆರೆದರು. ನಾನು ಬೀದಿಯಲ್ಲಿ ಎದೆಯುಬ್ಬಿಸಿ ನಡೆದೆ.

ಆ ಮಂಗಳವಾರ ಅಣ್ಣ ಬೆಳಗ್ಗೆಯೇ ಕೇಳಿದ, “ಸಿದ್ದ ಬಂದ್ನಾ?” ಬಂದಿರಲಿಲ್ಲ. ಮುಂದಿನ ವಾರವೂ ಇಲ್ಲ. ನನ್ನ ಅರ್ಜಿಗೂ ಇದಕ್ಕೂ ಸಂಬಂಧವಿದೆಯೆಂದು ಹೊಳೆಯಲು ಈ ಅರ್ಥಶಾಸ್ತ್ರಜ್ಞನಿಗೆ ಮೂರು ವಾರ ಬೇಕಾಯಿತು. ಸಿದ್ದರಾಜುವಿನ ಅಂಗಡಿಗೆ ಹೋಗಿ, ಎರಡರಷ್ಟು ಕೊಡುತ್ತೇನೆ, ಬಾರಪ್ಪ ಎಂದೆ.

“ದುಡ್ಡಿನ್ ಮಾತಲ್ಲ ಸಾ. ಎಲ್ರೂ ಒಟ್ಗೆ ಬಾಗ್ಲಾಕ್ತಿದ್ರು, ನಂಗೂ ಬಿಡುವಿತ್ತು, ಬತ್ತಿದ್ದೆ. ಈಗ ನಾನೊಬ್ನೆ ಬಾಗ್ಲಾಕುದ್ರೆ ಗಿರಾಕಿ ಆ ಕಡೆ ಓಯ್ತಾರೆ. ಅಂಗ್ ಓದೋರು ತಿರ್ಗ ಬರಲ್ಲ.” ಕತ್ತರಿಯನ್ನು ಬಟ್ಟೆಯಲ್ಲಿ ಒರೆಸುತ್ತ ಮೆಲ್ಲಗೆ ಸೇರಿಸಿದ, “ನೀವೂ ಆ ಕಡೆಗೇ ಓದ್ರಲ್ಲ ಸಾ.”

ನನಗೆ ನಾಚಿಕೆಯಾಯಿತು. ಆದರೆ ತಪ್ಪು ಯಾರದೆಂದು ಈಗಲೂ ತಿಳಿಯುತ್ತಿಲ್ಲ. ಶಾಗ್ಯದಿಂದ ಕೂಲಿಗೆ ಬರುವವರು ಮಾದೇಶನ ಅಂಗಡಿಯಲ್ಲಿ ಉಳಿದ ಹಣಕ್ಕೆ ಟೀ ಬನ್ನು ತಿನ್ನುತ್ತಾರೆ, ಅದು ಸುಳ್ಳಲ್ಲ. ಸಿದ್ದರಾಜು ಹೇಳಿದ್ದೂ ಸುಳ್ಳಲ್ಲ. ನನ್ನ ಅರ್ಜಿಯಲ್ಲೂ ಒಂದು ಸುಳ್ಳು ಪದವಿರಲಿಲ್ಲ. ಲೇಖನಗಳನ್ನು ಮತ್ತೆ ತೆಗೆದು ಹುಡುಕಿದೆ. ಅಲ್ಲಿ ಸರಾಸರಿ ಗಿರಾಕಿಗೆ ಒಳ್ಳೆಯದಾಗಿತ್ತು. ಸರಾಸರಿ ಗಿರಾಕಿ ಪಕ್ಕದ ಕೋಣೆಯಲ್ಲಿ ಗಡ್ಡ ತುರಿಸಿಕೊಂಡು ಮಲಗಿರಲಿಲ್ಲ, ಅಷ್ಟೇ.

ಕೊನೆಗೆ ನಾನೇ ಸೋಪು, ಬ್ರಶ್ಶು, ರೇಜರು ಹಿಡಿದು ಕೂತೆ. ಹೇಳಲು ಊರಿನ ಸುದ್ದಿ ನನ್ನ ಹತ್ತಿರ ಇರಲಿಲ್ಲ. ರೇಜರು ಜಾರಿ ಎರಡು ಕಡೆ ರಕ್ತ ಬಂತು. ಎಲ್ಲ ನನ್ನಿಂದಲೇ ಆಯಿತಣ್ಣ, ಅರ್ಜಿ ಬರೆದವನು ನಾನೇ ಎಂದು ತಲೆ ತಗ್ಗಿಸಿ ಹೇಳಿಬಿಟ್ಟೆ. ಅಣ್ಣ ಎಡಗೈಯಿಂದ ಕೆನ್ನೆಯ ರಕ್ತ ಮುಟ್ಟಿ ನೋಡಿಕೊಂಡ. ಆಮೇಲೆ ಸೊಟ್ಟ ಬಾಯಲ್ಲೇ ನಗುತ್ತ, “ನಿನ್ ಕೆಲ್ಸ ಸರಿಯಿಲ್ಲ ಕಣ್ಲಾ. ನಾಳಿಂದ ಬೇರೆ ಅಂಗ್ಡಿಗ್ ಓಯ್ತೀನಿ” ಅಂದ.

ನನಗೂ ನಗು ಬಂತು. ನಗುತ್ತ ನಗುತ್ತ ಕಣ್ಣು ಮಂಜಾಯಿತು. ಎದ್ದು ಹೋಗಲಾರದ ಗಿರಾಕಿಗೆ ನಾನು ಮೂವತ್ತು ವರ್ಷದಲ್ಲಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಕನ್ನಡಕ ಒರೆಸಿಕೊಂಡು ಅವನ ಮುಖವನ್ನು ಮೆಲ್ಲಗೆ ಈ ಕಡೆ ತಿರುಗಿಸಿದೆ. ಇನ್ನೊಂದು ಕೆನ್ನೆ ಬಾಕಿ ಇತ್ತು.